ಮಾವನಿಗೊಂದು ಟಿವಿ ಡಬ್ಬಿ

ನನ್ನ ಮಾವನವರಿಗೆ ಕಿವಿ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರ ಎದುರು ಕೂತು ಗಂಟೆಗಟ್ಟಲೆ ಹರಟಿ ಹೋದವರಲ್ಲಿ ಎಷ್ಟೋ ಜನಕ್ಕೆ ಈ ಸಂಗತಿ ಗೊತ್ತೇ ಆಗಿಲ್ಲ. ನಿಮ್ಮ ಮಾವ ಎಷ್ಟು ಗಮನ ಕೊಟ್ಟು ಕೇಳ್ತಾರಪ್ಪ ಎಂದು ನನ್ನ ಹತ್ತಿರ ಹೊಗಳಿ ಹೋಗುತ್ತಾರೆ. ನಾನು ಹೂಂಗುಟ್ಟುತ್ತೇನೆ. ಮಾವ ಕೇಳುವುದಿಲ್ಲ, ನೋಡುತ್ತಾರೆ. ಎದುರಿನವರ ತುಟಿ ನೋಡಿ ಮಾತನ್ನು ಹಿಡಿಯುತ್ತಾರೆ.

ಈ ವಿದ್ಯೆ ಅವರಿಗೆ ಕಿವಿ ಹೋಗುವುದಕ್ಕಿಂತ ಬಹಳ ಮೊದಲೇ ಬಂದಿತ್ತು. ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ ಅವರ ನೌಕರಿ. ಯಂತ್ರ ಓಡುತ್ತಿರುವಾಗ ಪಕ್ಕದವನು ಕಿರುಚಿದರೂ ಕೇಳುತ್ತಿರಲಿಲ್ಲವಂತೆ. ಅದಕ್ಕೇ ಪಾಳಿಯಲ್ಲಿದ್ದವರೆಲ್ಲ ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಕೆಲಸದ ಮಾತು ಮಾತ್ರ ಅಲ್ಲ, ತಮಾಷೆ, ಜಗಳ, ಹಿಂದಿನ ದಿನ ನೋಡಿದ ಸಿನಿಮಾದ ಕಥೆ, ಎಲ್ಲವೂ. ಅಲ್ಲಿ ಕನ್ನಡದವರಿದ್ದರು, ತಮಿಳಿನವರಿದ್ದರು, ತೆಲುಗಿನವರಿದ್ದರು. ಆಮೇಲೆ ವಯಸ್ಸಾಗುತ್ತಾ, ಅವರ ತಂದೆಗೂ ಅಜ್ಜನಿಗೂ ಆದ ಹಾಗೆಯೇ, ಇವರ ಕಿವಿಯೂ ಮೆಲ್ಲಗೆ ಮುಚ್ಚಿಕೊಂಡಿತು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟೆವು. ಕುಯ್ ಅನ್ನುತ್ತದೆ ಎಂದು ಅದನ್ನು ಬೀರುವಿನಲ್ಲಿ ಇಟ್ಟು ಮರೆತರು.

ನಾನು ಮದುವೆಯಾಗಿ ಕಾಗದನಗರದ ಮಿಲ್ಲಿನ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುವುದನ್ನು ನೋಡಿ, ಪಾಪ, ಏನೋ ಜಪ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಯಾರಾದರೂ ಮನೆಗೆ ಬಂದಾಗಲೇ ಈ ಜಪ ಜಾಸ್ತಿಯಾಗುತ್ತಿತ್ತು. ಆಮೇಲೆ ಗೊತ್ತಾಯಿತು ನೋಡಿ. ಬಂದವರು ಊಟಕ್ಕೆ ನಿಲ್ಲುವ ಹಾಗಿದೆ, ಅನ್ನ ಸಾಲುವುದಿಲ್ಲ, ಬೇಗ ಎಬ್ಬಿಸಿ ಎಂದು ಅತ್ತೆ ಮಾವನಿಗೆ ಹೇಳುತ್ತಿದ್ದದ್ದು. ಬಂದವರ ಬೆನ್ನು ಅತ್ತೆಯ ಕಡೆ, ಮುಖ ಮಾವನ ಕಡೆ. ಮಾವ ಏನೂ ಆಗದವರ ಹಾಗೆ ಎದ್ದು, ಬನ್ನಿ, ನಾನೂ ಬಸ್‌ಸ್ಟ್ಯಾಂಡಿನವರೆಗೆ ಬರ್ತೀನಿ ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಮಾವನ ಕಿವಿ ಮಂದವಾದಾಗ ಇನ್ನು ಇವರಿಗೆ ನಾನೇ ಗತಿ ಎಂದುಕೊಂಡು ಜೋರಾಗಿ ಕೂಗಿ ಕೂಗಿ ಹೇಳುತ್ತಿದ್ದೆ. ಅವರು ನನ್ನ ಮುಖವನ್ನೇ ಮಿಕಿಮಿಕಿ ನೋಡುತ್ತಿದ್ದರು. ಕೊನೆಗೆ ಅತ್ತೆಯೇ ನನ್ನನ್ನು ಪಕ್ಕಕ್ಕೆ ಕರೆದು, ಕೂಗಿದರೆ ಬಾಯಿ ಸೊಟ್ಟಗಾಗುತ್ತದೆ, ಅವರಿಗೆ ತುಟಿ ಸಿಗುವುದಿಲ್ಲ, ಬೆಳಕಿಗೆ ಮುಖ ಮಾಡಿ ನಿಂತು ಮೆಲ್ಲಗೆ ಮಾತಾಡು ಎಂದು ಕಲಿಸಿಕೊಟ್ಟರು. ಆ ಮನೆಯಲ್ಲಿ ನನ್ನ ಗಂಟಲು ಮೂರು ಕಾಸಿನದಾಯಿತು. ಆದರೆ ಮೆಲ್ಲಗೆ ಮಾತಾಡಲು ಕಲಿತಮೇಲೆ ನನ್ನ ಸಿಟ್ಟೂ ಅರ್ಧ ಇಳಿಯಿತು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅರ್ಧ ಅಂದರೆ ಜಾಸ್ತಿಯಾಯಿತು, ಕಾಲು ಎಂದುಕೊಳ್ಳಿ.

ಈಗ ನಾವು ಶಿವಮೊಗ್ಗದ ಗೋಪಾಳದಲ್ಲಿದ್ದೇವೆ. ಅತ್ತೆ ಮಾವ ಭದ್ರಾವತಿಯನ್ನು ಪೂರ್ತಿ ಬಿಟ್ಟು ಬರಲು ಒಪ್ಪಲಿಲ್ಲ. ಹಳೆಯ ಕ್ವಾರ್ಟರ್ಸಿನ ಹತ್ತಿರವೇ ಒಂದು ಬಾಡಿಗೆ ಮನೆ ಹಿಡಿದು ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಇಲ್ಲಿ ಇರುತ್ತಾರೆ. ಅಲ್ಲಿ ಮಾವನ ಜೊತೆ ದುಡಿದವರೆಲ್ಲ ಬೆಳಿಗ್ಗೆ ಚಹಾದಂಗಡಿಯಲ್ಲಿ ಸೇರುತ್ತಾರೆ. ಅಷ್ಟು ಜನ ಮುದುಕರು ಒಂದಿಷ್ಟೂ ಸದ್ದಿಲ್ಲದೆ ಜಗಳವಾಡುವುದನ್ನು ನೋಡಬೇಕೆಂದರೆ ನೀವು ಭದ್ರಾವತಿಗೇ ಬರಬೇಕು.

ತೊಂದರೆ ಇದ್ದದ್ದು ಟಿವಿಯದು. ಅಲ್ಲಿ ಕೇಬಲ್ಲು, ಇಲ್ಲಿ ಡಿಶ್ಶು. ಅಲ್ಲಿ ಬರುವ ಚಾನೆಲ್ಲು ಇಲ್ಲಿ ಬರುವುದಿಲ್ಲ. ಅರ್ಧ ನೋಡಿದ ಕಥೆ ಬಸ್ಸು ಹತ್ತಿದ ಕೂಡಲೇ ಕಡಿದುಹೋಗುತ್ತದೆ ಎಂದು ಅತ್ತೆ ಪ್ರತಿಸಲ ಗೊಣಗುತ್ತಿದ್ದರು. ಅವರಿಗೆ ಯಾರೋ ಹೇಳಿದ್ದರು, ಈಗ ಒಂದು ಡಬ್ಬಿ ಬಂದಿದೆ, ಮನೆಯ ಇಂಟರ್ನೆಟ್ಟಿಗೆ ಸೇರಿಸಿದರೆ ಯಾವ ಟಿವಿಯಲ್ಲಿ ಬೇಕಾದರೂ ನಿಲ್ಲಿಸಿದ ಜಾಗದಿಂದಲೇ ನೋಡಬಹುದು ಎಂದು. ಅತ್ತೆಯ ಷರತ್ತು ಸ್ಪಷ್ಟವಾಗಿತ್ತು. ಡಬ್ಬಿ ತಮ್ಮ ಎಲೆಅಡಿಕೆ ಚೀಲದಲ್ಲಿ ಹಿಡಿಯಬೇಕು, ರಿಮೋಟಿನಲ್ಲಿ ಗುಂಡಿ ಕಡಿಮೆ ಇರಬೇಕು, ಬೆಲೆ ಕೇಳಿ ಮಾವ ಹುಬ್ಬು ಏರಿಸಬಾರದು.

ನಮ್ಮ ಮನೆಯವರಿಗೆ ಈ ಕೆಲಸ ಒಪ್ಪಿಸಿದ್ದು ತಪ್ಪಾಯಿತು. ಅವರದು ಯಾವಾಗಲೂ ಅಳೆದೂ ಸುರಿದೂ ವ್ಯವಹಾರ. ಫೋನಿನಲ್ಲಿ ಒಂದೊಂದೇ ಡಬ್ಬಿಯ ಜಾತಕ ಓದುತ್ತಾ ಕೂತರು, ಇದರಲ್ಲಿ ಅದಿಲ್ಲ, ಅದರಲ್ಲಿ ಇದಿಲ್ಲ ಎಂದರು. ಕೊಂಡುಕೊಳ್ಳುವ ಲಕ್ಷಣ ಕಾಣಲಿಲ್ಲ. ನಾನು ಒಂದು ಶನಿವಾರ ಶಾಲೆ ಮುಗಿಸಿ ನೇರ ಗಾಂಧಿ ಬಜಾರಿನ ಕಡೆ ನಡೆದೆ. ಅಲ್ಲಿನ ಒಂದು ಅಂಗಡಿಯವರು ಮೊದಲು ಹೆಬ್ಬೆರಳಿನಷ್ಟು ಗಾತ್ರದ ಕಡ್ಡಿಯೊಂದನ್ನು ತೋರಿಸಿದರು. ಟಿವಿಯ ಹಿಂದೆ ಚುಚ್ಚಿದರೆ ಮುಗಿಯಿತಂತೆ. ಆದರೆ ಭದ್ರಾವತಿಯ ಮನೆಯ ಟಿವಿ ಹಳೆಯದು. ಅದಕ್ಕಿರುವುದು ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸುವ ದುಂಡನೆಯ ತೂತು ಮಾತ್ರ. ಕಡ್ಡಿ ಅಲ್ಲಿ ಕೂರುವುದಿಲ್ಲ ಎಂದಾಗ ಅವರು ಒಳಗಿನಿಂದ ಇನ್ನೊಂದು ತಂದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣದ್ದು, ಹೊಸ ಟಿವಿಗೂ ಹಳೆಯದಕ್ಕೂ ಆಗುತ್ತಿತ್ತು. ಬೆಲೆಯೂ ಮಾವನ ಹುಬ್ಬು ತಡೆದುಕೊಳ್ಳುವಷ್ಟೇ. ಅಷ್ಟರ ಮೇಲೆ ಅಂಗಡಿಯವರು ಒಂದು ಮಾತು ಹೇಳಿದರು, ನಾನು ಕರಗಿಹೋದೆ. ಇದರಲ್ಲಿ ಹಿಂದಿ, ತಮಿಳು, ತೆಲುಗು, ಕೊನೆಗೆ ಕೊರಿಯಾದವರ ಸೀರಿಯಲ್ಲೂ ಕನ್ನಡದಲ್ಲೇ ಬರುತ್ತದೆ ಮೇಡಂ, ಅಜ್ಜ ಅಜ್ಜಿಗೆ ಇದಕ್ಕಿಂತ ಬೇರೆ ಏನು ಬೇಕು ಎಂದರು. ಹೌದಲ್ಲ, ಇನ್ನೇನು ಬೇಕು ಎಂದು ನನಗೂ ಅನ್ನಿಸಿತು.

ಡಬ್ಬಿಯನ್ನು ಮಾತ್ರ ಎಷ್ಟು ಹೊಗಳಿದರೂ ಕಡಿಮೆ. ಅತ್ತೆ ಅದನ್ನು ಒಂದು ಹಳೆಯ ಕರವಸ್ತ್ರದಲ್ಲಿ ಸುತ್ತಿ, ಅಡಿಕೆ ಮತ್ತು ಸುಣ್ಣದ ಡಬ್ಬಿಗಳ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದರು. ಎರಡೂ ಮನೆಯಲ್ಲಿ ತಾವೇ ವೈರು ಸಿಕ್ಕಿಸಿದರು. ಬೆಳಿಗ್ಗೆ ಅಲ್ಲಿ ನಿಲ್ಲಿಸಿದ್ದನ್ನು ಸಂಜೆ ಇಲ್ಲಿ ಮುಂದುವರಿಸಿದರು. ಎರಡೇ ವಾರಕ್ಕೆ ರಿಮೋಟು ಎಲೆಅಡಿಕೆಯ ವಾಸನೆ ಹೊಡೆಯತೊಡಗಿತು.

ಅತ್ತೆ ನಕ್ಕರು, ಅತ್ತರು, ಕೊರಿಯಾದ ಯಾವುದೋ ಅತ್ತೆಯನ್ನು ಬಾಯಿತುಂಬ ಬೈದರು. ಮಾವ ಪಕ್ಕದಲ್ಲಿ ಕೂತು ಸುಮ್ಮನೆ ನೋಡಿದರು. ಹಿಂದೆಲ್ಲ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಟಿವಿಯಲ್ಲಿ ಮಾತಾಡುವವರ ಮುಖ ನೇರವಾಗಿ, ದೊಡ್ಡದಾಗಿ ಕಾಣುವುದರಿಂದ ಮಾವನಿಗೆ ಟಿವಿ ಅಂದರೆ ಸಲೀಸು. ಈಗ ಅತ್ತೆ ನಕ್ಕಮೇಲೆ ಅವರು ಅತ್ತೆಯ ಮುಖ ನೋಡಿ, ತಡವಾಗಿ, ಒಂದು ನಗು ತಂದುಕೊಳ್ಳುತ್ತಿದ್ದರು. ನಾವು ಯಾರೂ ಅದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಇಷ್ಟವಾಗಲಿ ಎಂದು ದೇವರ ಕಥೆಗಳ ದೊಡ್ಡ ಸೀರಿಯಲ್ಲೊಂದನ್ನು ಹಾಕಿಕೊಟ್ಟೆವು. ಅದನ್ನೂ ಸ್ವಲ್ಪ ದಿನ ನೋಡಿ ಎದ್ದುಹೋದರು.

ಅಲ್ಲಿಂದ ಅವರು ಬದಲಾದರು. ಟಿವಿಯ ಮುಂದೆ ಕೂರುವುದು ಬಿಟ್ಟರು. ಆಮೇಲೆ ನಮ್ಮ ಮುಖ ನೋಡುವುದನ್ನೂ ಬಿಟ್ಟರು. ಊಟಕ್ಕೆ ಕೂತರೆ ತಟ್ಟೆ ನೋಡುವರು, ಎದ್ದರೆ ಪೇಪರು ಹಿಡಿಯುವರು. ಮುಖ ನೋಡದಿದ್ದಮೇಲೆ ಮಾತು ಹೇಗೆ ಸಿಗುತ್ತದೆ? ಏನು ಕೇಳಿದರೂ ಅಡ್ಡಾದಿಡ್ಡಿ ಉತ್ತರ ಬರತೊಡಗಿತು. ಮೊದಲು ಇದು ಜಾಣಕಿವುಡು ಎಂದು ಅತ್ತೆ ರೇಗಿದರು. ಆಮೇಲೆ ಚಹಾದಂಗಡಿಗೂ ಹೋಗುತ್ತಿಲ್ಲ ಎಂದು ತಿಳಿದಾಗ ಹೆದರಿದರು. ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದಮೇಲೆ ಮಾವ ಇನ್ನೂ ಕುಗ್ಗಿದರು. ಕಣ್ಣು ಸರಿಯಿದೆ ಅಂದರೆ ಕೆಟ್ಟಿರುವುದು ತಲೆಯೇ ಎಂದು ಅವರ ಲೆಕ್ಕ. ನನಗೆ ಇದು ಆಗ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯಿತು.

ಇದೇ ಹೊತ್ತಿಗೆ ನನ್ನ ಮಗಳ ಮದುವೆಯ ಮಾತು ಬಂತು. ಅವಳು ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ, ಅದೆಂದರೆ ಅವಳಿಗೆ ಪ್ರಾಣ. ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಹೊಸಮನೆ ಬಡಾವಣೆಯವನು, ಒಳ್ಳೆಯವನು, ನಮ್ಮದೇನೂ ತಕರಾರಿರಲಿಲ್ಲ. ಆದರೆ ಅವನಿಗೆ ತಂದೆ ಇಲ್ಲ, ಮನೆಯ ವ್ಯವಹಾರವೆಲ್ಲ ದೊಡ್ಡಪ್ಪನದು. ಆ ದೊಡ್ಡಪ್ಪ ತಮ್ಮ ಸೊಸೆಯರನ್ನು ಕೆಲಸಕ್ಕೆ ಕಳಿಸಿದವರಲ್ಲ ಎಂಬ ಸುದ್ದಿ ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು. ಮಗಳು ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ಅದೊಂದೇ ಭಯ. ಆ ಮನೆಯವರು ಮಾತುಕತೆಗೆ ಬರುತ್ತೇವೆಂದಾಗ, ಅಜ್ಜ ಹಿರಿಯರಾಗಿ ಕೂರಬೇಕು, ಅಜ್ಜ ಕೂರದಿದ್ದರೆ ನಾನೂ ಹೊರಗೆ ಬರುವುದಿಲ್ಲ ಎಂದು ಹಟ ಹಿಡಿದಳು. ಚಿಕ್ಕಂದಿನಿಂದ ಅವಳಿಗೆ ಅಜ್ಜನೇ ಧೈರ್ಯ.

ಮಾವ ಒಪ್ಪಲಿಲ್ಲ. ನಾನು ಕೂರುವುದಿಲ್ಲ, ಕೂತು ಏನೋ ಕೇಳಿದರೆ ಏನೋ ಹೇಳಿ ನಿಮ್ಮ ಮರ್ಯಾದೆ ತೆಗೆಯುವುದಿಲ್ಲ, ನೀವೇ ಮುಗಿಸಿಕೊಳ್ಳಿ ಎಂದು ಅತ್ತೆಯ ಕೈಯಲ್ಲಿ ಹೇಳಿ ಕಳಿಸಿದರು. ಅದನ್ನು ಕೇಳಿ ಮಗಳು ಅತ್ತಳು. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಎರಡನ್ನೂ ಹೊತ್ತುಕೊಂಡು ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ ಭದ್ರಾವತಿಗೆ ಹೋದೆವು.

ಹೋದಾಗ ಡಬ್ಬಿಯಲ್ಲಿ ಯಾವುದೋ ಸಿನಿಮಾ ಓಡುತ್ತಿತ್ತು. ಅತ್ತೆ ನೋಡುತ್ತಿದ್ದರು, ಮಾವ ಪೇಪರು ಹಿಡಿದು ಕಿಟಕಿಯ ಹತ್ತಿರ ಕೂತಿದ್ದರು. ನಾನು ಎದುರಿಗೆ ನಿಂತು ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ. ಗೋಡೆಗೆ ಹೇಳಿದ ಹಾಗಾಯಿತು. ಸಾಕಾಗಿ ನಾನೂ ಅತ್ತೆಯ ಪಕ್ಕ ಕುಸಿದು ಕೂತೆ. ಸಿನಿಮಾದಲ್ಲಿ ಒಬ್ಬ ತಾಯಿ ಕೆಲಸದಿಂದ ಬಂದ ಮಗನನ್ನು ಊಟ ಆಯ್ತಾ ಎಂದು ಕೇಳುತ್ತಿದ್ದಳು. ಮಾವ ಪೇಪರಿನ ಮೇಲಿಂದ ಒಮ್ಮೆ ಟಿವಿ ನೋಡಿದರು. ಮತ್ತೆ ನೋಡಿದರು. ಪೇಪರು ಮಡಚಿಟ್ಟರು.

"ಆಯಮ್ಮ ಈಗ 'ಸಾಪ್ಟಿಯಾ' ಅಂದ್ಲಲ್ಲ. ಅದು ತಮಿಳಲ್ವಾ?"

ಇಲ್ಲ, ಊಟ ಆಯ್ತಾ ಅಂದಳು, ಕನ್ನಡದಲ್ಲೇ ಅಂದಳು ಎಂದು ಅತ್ತೆ ತಿರುಗಿ ತುಟಿ ಅಲ್ಲಾಡಿಸಿದರು. ಮಾವನ ಮುಖ ಸಣ್ಣದಾಯಿತು. ನಾನು ಮಾತ್ರ ಕೂತಲ್ಲೇ ಬೆಚ್ಚಿಬಿದ್ದೆ. ಏಕೆಂದರೆ ಆ ಸಿನಿಮಾ ತಮಿಳಿನದು. ಆ ತಾಯಿಯ ಬಾಯಿ ಹೇಳಿದ್ದು ತಮಿಳು, ಮಾವ ಮಿಲ್ಲಿನವರ ತುಟಿಯಲ್ಲಿ ದಿನವೂ ನೋಡುತ್ತಿದ್ದ ತಮಿಳು. ಅದರ ಮೇಲೆ ಯಾರೋ ಕನ್ನಡದ ದನಿ ಅಂಟಿಸಿದ್ದರು. ಅತ್ತೆ ಕಿವಿಯಲ್ಲಿ ಕೇಳಿದ್ದೂ ನಿಜ, ಮಾವ ಕಣ್ಣಲ್ಲಿ ನೋಡಿದ್ದೂ ನಿಜ. ಹಿಂದೆಲ್ಲ ನಮ್ಮ ಕನ್ನಡದ ಟಿವಿಯಲ್ಲಿ ಡಬ್ಬಿಂಗ್ ಎನ್ನುವುದೇ ಇರಲಿಲ್ಲ. ಕನ್ನಡ ಕೇಳಿಸಿದರೆ ತುಟಿಯೂ ಕನ್ನಡವನ್ನೇ ಹೇಳುತ್ತಿತ್ತು. ನಾನು ಡಬ್ಬಿ ತಂದ ದಿನದಿಂದ ಅವರ ಮುಂದೆ ಇಟ್ಟದ್ದೆಲ್ಲ ಹಿಂದಿಯ ತುಟಿ, ತೆಲುಗಿನ ತುಟಿ, ಕೊರಿಯಾದ ತುಟಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಎಲ್ಲವೂ ಕನ್ನಡದಲ್ಲೇ ಇದೆ ಎಂದು ನಾವೆಲ್ಲ ಒಕ್ಕೊರಲಿನಿಂದ ಹೇಳಿದ್ದೆವು. ನಮ್ಮನ್ನು ನಂಬಿದ ಮನುಷ್ಯ ತನ್ನ ವಿದ್ಯೆಯೇ ಕೈಬಿಟ್ಟಿತು ಎಂದುಕೊಂಡಿದ್ದರು.

ರಿಮೋಟು ಕಸಿದುಕೊಂಡು ಭಾಷೆ ಬದಲಿಸುವ ಜಾಗ ಹುಡುಕಿದೆ. ತಮಿಳು ಒತ್ತಿ, ಅದೇ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ಸಾಪ್ಟಿಯಾ ಎಂದಳು ಆ ತಾಯಿ. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ಬೆಳಕಿಗೆ ಮುಖ ಮಾಡಿ ನಿಂತು ಮಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ದೇವರ ಸೀರಿಯಲ್ಲಿನ ದೇವರೂ ಹಿಂದಿಯಲ್ಲೇ ಮಾತಾಡುತ್ತಿದ್ದರು ಎಂದೆ. ಈ ಸಲ ಅವರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

"ಹಾಗಾದ್ರೆ ನನ್ನ ತಲೆ ಸರಿಯಾಗಿದ್ಯಾ ಮಗಾ?" ಎಂದು ಕೇಳಿದರು.

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ತಿಂಗಳು ಈ ಒಂದು ಪ್ರಶ್ನೆಯನ್ನು ಒಬ್ಬರೇ ಒಳಗೆ ಇಟ್ಟುಕೊಂಡು ತಟ್ಟೆ ನೋಡಿಕೊಂಡು ಉಂಡಿದ್ದಾರಲ್ಲ ಎನ್ನಿಸಿತು. ನನ್ನ ಮಗಳು ಹೋಗಿ ಟಿವಿಯ ಸದ್ದು ಪೂರ್ತಿ ನಿಲ್ಲಿಸಿ, ಕನ್ನಡದವರೇ ಮಾಡಿದ ಒಂದು ಅಡುಗೆಯ ವಿಡಿಯೋ ಹಾಕಿದಳು. ಯಾರೋ ಹೆಂಗಸು ಒಗ್ಗರಣೆ ಹಾಕುತ್ತಾ ಏನೋ ಹೇಳುತ್ತಿದ್ದಳು. ಮಾವ ಮುಂದಕ್ಕೆ ಬಾಗಿ ಕೂತರು. ಇಂಗು ಒಂದು ಚಿಟಿಕೆ ಸಾಕಂತೆ, ಜಾಸ್ತಿ ಹಾಕಿದರೆ ಕಹಿಯಂತೆ, ಅವಳ ಅತ್ತೆ ಹೇಳಿಕೊಟ್ಟದ್ದಂತೆ ಎಂದು ಒಂದೊಂದೇ ವರದಿ ಒಪ್ಪಿಸಿದರು. ಮಗಳು ಸದ್ದು ಕೊಟ್ಟು ತಿರುಗಿ ಹಾಕಿದಳು. ಒಂದು ಮಾತೂ ತಪ್ಪಿರಲಿಲ್ಲ. ನಮ್ಮ ಮನೆಯವರು ಎದ್ದುಹೋಗಿ ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು.

ಮಾರನೆಯ ಬೆಳಿಗ್ಗೆ ಮಾವ ಚಹಾದಂಗಡಿಗೆ ಹೋದರು. ತಮಿಳು ಸಿನಿಮಾಗಳನ್ನು ತಮಿಳಿನಲ್ಲೇ ಹಾಕಿಕೊಡು ಎಂದು ಅತ್ತೆಯ ಹಿಂದೆ ಬಿದ್ದರು. ಕನ್ನಡ ಬಿಟ್ಟು ಬೇರೆ ಬಾರದ ಅತ್ತೆ, ಇದ್ಯಾವ ಕರ್ಮ ಮಾರಾಯ್ರೇ, ನೀವು ನೋಡೋಕೆ ನಾನು ಕಿವುಡಿ ಆಗ್ಬೇಕಾ ಎಂದು ಜಗಳಕ್ಕೆ ನಿಂತರು. ಕೊನೆಗೆ ಮಾವ ಸಿನಿಮಾ ನೋಡಿ ಅತ್ತೆಗೆ ಕನ್ನಡದಲ್ಲಿ ಕಥೆ ಹೇಳುವುದೆಂದು ರಾಜಿಯಾಯಿತು. ಕಿವಿ ಕೇಳದವರು ಕಿವಿ ಕೇಳುವವರಿಗೆ ಸಿನಿಮಾದ ಮಾತು ಹೇಳಿಕೊಡುವ ಇನ್ನೊಂದು ಮನೆ ಎಲ್ಲಾದರೂ ಇದ್ದರೆ ನನಗೆ ತೋರಿಸಿ.

ಮಾತುಕತೆಯ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೋಪಾಳದ ನಮ್ಮ ಮನೆಯ ಹಾಲಿನಲ್ಲಿ ಕೂತರು. ಹುಡುಗ, ಅವನ ತಾಯಿ, ದೊಡ್ಡಪ್ಪ ಎದುರಿನ ಸೋಫಾದಲ್ಲಿ. ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಮ್ಮ ಮನೆಯವರು ಮೊದಲೇ ಹೇಳಿದ್ದರು. ದೊಡ್ಡಪ್ಪ ಅಯ್ಯೋ ಪಾಪ ಎಂದು ಮಾವನಿಗೆ ಒಂದು ನಮಸ್ಕಾರ ಹಾಕಿ, ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ. ಮಾತೆಲ್ಲ ನಮ್ಮ ಮನೆಯವರ ಹತ್ತಿರ. ಛತ್ರ, ಊಟ, ಮುಹೂರ್ತ ಎಲ್ಲ ಸರಾಗವಾಗಿ ಸಾಗಿತು. ಮಗಳ ಕೆಲಸದ ವಿಷಯವನ್ನು ಅವರೂ ಎತ್ತಲಿಲ್ಲ, ನಮಗೂ ಎತ್ತಲು ಧೈರ್ಯ ಸಾಲಲಿಲ್ಲ. ಮಗಳು ಬಾಗಿಲ ಹತ್ತಿರ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನು ಕಾಫಿಯ ತಟ್ಟೆ ಹಿಡಿದು ಸೋಫಾದ ಪಕ್ಕ ಬರುವಾಗ ದೊಡ್ಡಪ್ಪ ಹುಡುಗನ ತಾಯಿಯ ಕಡೆ ಬಾಗಿ ಏನೋ ಪಿಸುಗುಟ್ಟಿದರು. ಆಕೆ ಥಟ್ಟನೆ ತಿರುಗಿ ಅಷ್ಟೇ ಮೆಲ್ಲಗೆ ಏನೋ ಹೇಳಿದರು. ಅಷ್ಟು ಹತ್ತಿರವಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಹಾಲಿನ ಆ ತುದಿಯಲ್ಲಿದ್ದ ಮಾವ ಗಂಟಲು ಸರಿಮಾಡಿಕೊಂಡರು.

"ತಾಯಿ, ನೀವು ಈಗ ಅಂದ್ರಲ್ಲ, ಅವಳ ಕೆಲಸ ಅವಳಿಷ್ಟ, ಅದಕ್ಕೆ ಯಾರೂ ಕೈ ಹಾಕ್ಬಾರ್ದು ಅಂತ. ಅದನ್ನೊಂದು ಸ್ವಲ್ಪ ಗಟ್ಟಿಯಾಗಿ ಹೇಳಿ. ಇಲ್ಲಿ ನಮ್ಮೋರಿಗೆಲ್ಲ ಕಿವಿ ಮಂದ."

ದೊಡ್ಡಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು. ಹುಡುಗನ ತಾಯಿ ಒಂದು ಗಳಿಗೆ ಮಾವನನ್ನೇ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಹೇಳ್ತೀನಿ. ಮದುವೆ ಆದ್ಮೇಲೆ ಕೆಲಸ ಬಿಡಿಸಿದ್ರಾಯ್ತು, ಈಗ ಆ ಮಾತು ಬೇಡ ಅಂತ ಇವರಂದ್ರು. ನಾನು ಒಪ್ಪಲ್ಲ. ನಮ್ಮನೇಲಿ ಅವಳು ಎಷ್ಟು ದಿನ ಬೇಕಾದ್ರೂ ಕೆಲಸ ಮಾಡ್ಬಹುದು" ಎಂದು, ಇಡೀ ಮನೆಗೆ ಕೇಳಿಸುವ ಹಾಗೆ ಹೇಳಿದರು.

ಬಾಗಿಲ ಹತ್ತಿರ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಾವ ಅವಳನ್ನು ನೋಡಿದರು, ದೊಡ್ಡಪ್ಪನನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ಕಾಫಿ ಆರಿಹೋಗ್ತಿದೆ, ಮೊದಲು ಬೀಗಿತ್ತಿಗೆ ಕೊಡಮ್ಮ ಎಂದರು.